‘ಅವರೆಲ್ಲ ಒಂದೇ’ ಎನ್ನುವ ಗೆಳೆಯರಿಗೆ

ಹೋದ ತಿಂಗಳು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಸೇರಿದ್ದವರೆಲ್ಲ ಕನ್ನಡದವರು. ಅವರಲ್ಲಿ ಐದು ಜನ ಕಾರ್ಖಾನೆ, ಗೋದಾಮುಗಳಲ್ಲಿ ಮ್ಯಾನೇಜರುಗಳು. ಅವರ ಕೈಕೆಳಗೆ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ದೇಶ ‘ಹಿಸ್ಪಾನಿಕ್’ ಎಂದು ಕರೆಯುವ ಜನ. ಮಾತು ಅತ್ತ ಹೊರಳಿತು. ಆ ಕೆಲಸಗಾರರನ್ನು ಒಂದು ತಂಡವಾಗಿ ಕಟ್ಟಬೇಕಾದರೆ ಮೊದಲು ಅವರೊಳಗಿನ ಬೇರೆಬೇರೆತನವನ್ನು ತಿಳಿಯಬೇಕು, ಆಮೇಲೆ ಎಲ್ಲರಿಗೂ ಒಂದೇ ನ್ಯಾಯ ಸಿಗುವಂತೆ ನೋಡಿಕೊಳ್ಳಬೇಕು ಎಂದೆ. ಐವರಲ್ಲಿ ಒಬ್ಬರೂ ಒಪ್ಪಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ವಾದ ಬೆಳೆಸುವುದು ಬೇಡವೆಂದು ಸುಮ್ಮನಾದೆ. ಆದರೆ ಡೆಟ್ರಾಯಿಟ್‌ಗೆ ವಾಪಸು ಬರುವ ಹೆದ್ದಾರಿಯುದ್ದಕ್ಕೂ ಅವರ ಒಂದೊಂದು ಮಾತೂ ತಲೆಯಲ್ಲಿ ಸುತ್ತುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಶಿಕಾಗೊ, ಡೆಟ್ರಾಯಿಟ್ ಎರಡೂ ಊರುಗಳ ಶಾಪ್ ಫ್ಲೋರಿನಲ್ಲಿ ನಿಂತು ಕೆಲಸ ಮಾಡಿದವನು ನಾನು. ಅವರು ಹೇಳಿದ್ದನ್ನು ಹಾಗೇ ಬಿಟ್ಟುಬಿಡಲು ಮನಸ್ಸು ಒಪ್ಪದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದ ಮಾತು ಇದು: “ಎಲ್ಲರೂ ಮಾತಾಡೋದು ಸ್ಪ್ಯಾನಿಷ್ ತಾನೇ? ಸ್ಪ್ಯಾನಿಷ್ ಬರುವ ಒಬ್ಬ ಸೂಪರ್‌ವೈಸರನ್ನು ಹಾಕಿದರೆ ಮುಗಿಯಿತು.”

ನನಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸಿತ್ತು. ಆಗ ನಾನು ಶಿಕಾಗೊದ ಪಶ್ಚಿಮಕ್ಕಿರುವ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿದ್ದೆ. ರಾತ್ರಿ ಶಿಫ್ಟು. ಟೀಮ್ ಲೀಡರ್ ಪೋರ್ಟೊ ರಿಕೋದವರು, ಮೆಶಿನ್ ನಡೆಸುತ್ತಿದ್ದವರು ಮೆಕ್ಸಿಕೋದ ಮಿಚೋಕಾನ್ ಕಡೆಯವರು. ಬಣ್ಣ ಬದಲಾಯಿಸುವ ಹೊತ್ತಾಗಿತ್ತು. ಯಾವಾಗ ಬದಲಾಯಿಸೋಣ ಎಂದು ಆಪರೇಟರ್ ಕೇಳಿದರು. ಲೀಡರ್ ‘ಅಓರಿತಾ’ ಎಂದು ಹೇಳಿ ಇನ್ನೊಂದು ಮೆಶಿನ್ ಕಡೆ ಹೋದರು. ಪೋರ್ಟೊ ರಿಕೋದಲ್ಲಿ ಆ ಮಾತಿಗೆ ‘ಆಮೇಲೆ’ ಎಂದರ್ಥ. ಮೆಕ್ಸಿಕೋದವರ ಬಾಯಲ್ಲಿ ಅದು ‘ಈಗಲೇ’ ಆಗಬಹುದು, ‘ಇನ್ನೇನು ಸ್ವಲ್ಪ ಹೊತ್ತಿಗೆ’ ಆಗಬಹುದು. ಲೀಡರ್ ಊಟದ ಬಿಡುವು ಕಳೆದ ಮೇಲೆ ಎಂದುಕೊಂಡಿದ್ದರು. ಆಪರೇಟರ್ ಇನ್ನೇನು ಬರುತ್ತಾರೆಂದು ಮೆಶಿನ್ ನಿಲ್ಲಿಸಿ, ಹೀಟರ್ ಆರಿಸದೆ ಕಾದು ನಿಂತರು. ಬ್ಯಾರೆಲ್ಲಿನಲ್ಲಿದ್ದ ಪ್ಲಾಸ್ಟಿಕ್ ಕಾದು ಕಾದು ಕರಕಲಾಯಿತು. ಸುಟ್ಟ ವಾಸನೆ ಶೆಡ್ಡಿನ ಆಚೆ ತುದಿಯವರೆಗೂ ಬಂತು. ಮತ್ತೆ ಶುರು ಮಾಡಿದಾಗ ಒಂದೊಂದು ಪೀಸಿನ ಮೇಲೂ ಕಪ್ಪು ಗೆರೆಗಳು. ಬೆಳಗಿನ ತನಕ ತೆಗೆದದ್ದೆಲ್ಲ ಸ್ಕ್ರ್ಯಾಪಿನ ಡಬ್ಬಕ್ಕೆ ಹೋಯಿತು.

ಬೆಳಿಗ್ಗೆ ಬಂದ ಮ್ಯಾನೇಜರ್ ಇಬ್ಬರನ್ನೂ ನಿಲ್ಲಿಸಿಕೊಂಡು, ನಿಮ್ಮಿಬ್ಬರದೂ ಒಂದೇ ಭಾಷೆ, ಇಷ್ಟು ಮಾತಾಡಿಕೊಳ್ಳಲಿಕ್ಕೆ ಆಗಲಿಲ್ಲವೇ ಎಂದು ಗದರಿದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಅದಾದ ಮೇಲೆ ಅವರಿಬ್ಬರ ನಡುವೆ ಎರಡು ವಾರ ಮಾತಿರಲಿಲ್ಲ. ಆಪರೇಟರ್ ಸೋಮಾರಿ ಎಂದು ಲೀಡರ್, ಲೀಡರ್ ಮೋಸಗಾರ ಎಂದು ಆಪರೇಟರ್. ಆ ಎರಡು ಮಾತುಗಳನ್ನು ಜೊತೆಯವರು ಎತ್ತಿಕೊಂಡು ‘ಮೆಕ್ಸಿಕೋದವರೇ ಹಾಗೆ’, ‘ಪೋರ್ಟೊ ರಿಕೋದವರೇ ಹೀಗೆ’ ಎಂದು ಬೆಳೆಸಿದರು. ಇಷ್ಟಕ್ಕೂ ಕಾರಣ ಒಂದು ಪದ. ಆಮೇಲೆ ನಾವು ಮೆಶಿನ್ ಪಕ್ಕ ಒಂದು ಬಿಳಿ ಹಲಗೆ ತೂಗುಹಾಕಿದೆವು. ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಗಡಿಯಾರದ ಅಂಕಿಯಲ್ಲೇ ಬರೆಯಬೇಕು: 2.15, 3.40. ಇಷ್ಟು ಸಣ್ಣ ಏರ್ಪಾಟಿನಿಂದ ಆ ಲೈನಿನ ಅರ್ಧ ಜಗಳ ನಿಂತುಹೋಯಿತು.

ಇದು ಒಂದು ಪದದ ಕಥೆ. ಹುರುಳಿಕಾಯಿಯ ಕಾಳಿಗೆ ಮೆಕ್ಸಿಕೋದವರು ‘ಫ್ರಿಹೋಲ್’ ಎಂದರೆ ಪೋರ್ಟೊ ರಿಕೋದವರು ‘ಅಬಿಚುವೆಲಾ’ ಎನ್ನುತ್ತಾರೆ, ವೆನೆಜುವೆಲಾದವರು ‘ಕರಾವೊತಾ’ ಎನ್ನುತ್ತಾರೆ. ಬಸ್ಸಿಗೆ ಒಬ್ಬರು ‘ಕಮಿಯೋನ್’, ಇನ್ನೊಬ್ಬರು ‘ಗ್ವಾಗ್ವಾ’. ‘ತೆಗೆದುಕೋ’ ಎನ್ನಲು ಪೋರ್ಟೊ ರಿಕೋ, ಕ್ಯೂಬಾಗಳಲ್ಲಿ ದಿನಕ್ಕೆ ನೂರು ಸಲ ಬಳಸುವ ಕ್ರಿಯಾಪದ ಮೆಕ್ಸಿಕೋದ ಕಿವಿಗೆ ಅಶ್ಲೀಲ. ಇನ್ನು ‘ನೀನು’, ‘ನೀವು’ಗಳ ವಿಚಾರ. ಕೊಲಂಬಿಯಾದ ಎಷ್ಟೋ ಕಡೆ ಮನೆಯವರನ್ನೂ ‘ಉಸ್ತೇದ್’ ಎಂದು ಬಹುವಚನದಂಥ ಗೌರವದಲ್ಲಿ ಕರೆಯುತ್ತಾರೆ. ಪೋರ್ಟೊ ರಿಕೋದವರು ಹೆಚ್ಚಿನವರನ್ನು ಸಲುಗೆಯಿಂದ ‘ತೂ’ ಎನ್ನುತ್ತಾರೆ. ಗ್ವಾಟೆಮಾಲಾ, ಹೊಂಡುರಾಸ್ ಕಡೆ ‘ವೋಸ್’ ಎಂಬ ಮೂರನೆಯದೇ ಒಂದಿದೆ. ಉತ್ತರ ಕರ್ನಾಟಕದ ಹುಡುಗ ಅಕ್ಕರೆಯಿಂದ ಏಕವಚನದಲ್ಲಿ ಕರೆದಾಗ ಮೈಸೂರಿನ ಹಿರಿಯರ ಮುಖ ಬಿಗಿಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರ ಭಾಷೆಯೂ ಸ್ಪ್ಯಾನಿಷ್ ಎಂಬುದೇ ನಿಜವಲ್ಲ. ಗ್ವಾಟೆಮಾಲಾದಲ್ಲಿ ಮಾನ್ಯತೆ ಪಡೆದ ಮಾಯನ್ ಭಾಷೆಗಳೇ 22 ಇವೆ. ಅಲ್ಲಿನ ಬೆಟ್ಟದ ಊರುಗಳಿಂದ ಬಂದ ಎಷ್ಟೋ ಜನರಿಗೆ ಮಾಮ್ ಅಥವಾ ಕಿಚೆ ಮನೆಮಾತು, ಸ್ಪ್ಯಾನಿಷ್ ಶಾಲೆಯಲ್ಲಿ ಅರ್ಧಂಬರ್ಧ ಕಲಿತದ್ದು. ಅಂಥವರು ಸೂಪರ್‌ವೈಸರ್ ಹೇಳಿದ್ದಕ್ಕೆಲ್ಲ ‘ಸಿ, ಸಿ’ ಎಂದು ತಲೆಯಾಡಿಸುತ್ತಾರೆ. ತಿಳಿದಿದೆಯೆಂದು ನಾವು ಮುಂದೆ ಹೋಗುತ್ತೇವೆ. ತುಳು, ಕೊಡವ, ಕೊಂಕಣಿ, ಬ್ಯಾರಿ ಮನೆಮಾತಿನವರನ್ನೆಲ್ಲ ಹೊರಗಿನವರು ‘ಕನ್ನಡದವರು’ ಎಂದು ಒಂದೇ ಮೂಟೆಗೆ ತುಂಬಿದಾಗ ಏನೇನು ಬಿಟ್ಟುಹೋಗುತ್ತದೆ ಎಂಬುದು ನಮಗೆ ಗೊತ್ತು. ‘ಹಿಸ್ಪಾನಿಕ್’ ಎಂಬುದೂ ಅಂಥ ಒಂದು ಮೂಟೆ. ಅಮೆರಿಕದ ಜನಗಣತಿ 1970ರಲ್ಲಿ ಕೆಲವರಿಗಷ್ಟೇ ಕೇಳಿದ ‘ಸ್ಪ್ಯಾನಿಷ್ ಮೂಲದವರೇ’ ಎಂಬ ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಕೇಳಿದ್ದು 1980ರಲ್ಲಿ. 2020ರ ಹೊತ್ತಿಗೆ ಶಿಕಾಗೊ ನಗರದ ಸುಮಾರು ಶೇ. 30 ಜನ ‘ಹಿಸ್ಪಾನಿಕ್’ ಎಂಬ ಚೌಕದಲ್ಲಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ರೈಲು ಹಳಿಗೆ, ಉಕ್ಕಿನ ಗಿರಣಿಗೆ, ಕಸಾಯಿಖಾನೆಗೆ ಬಂದ ಮೆಕ್ಸಿಕನ್ನರ ಮರಿಮಕ್ಕಳೂ ಅದರಲ್ಲೇ, ನಿನ್ನೆ ಬಂದಿಳಿದವರೂ ಅದರಲ್ಲೇ. ಪೋರ್ಟೊ ರಿಕೋದವರು ವಲಸಿಗರೇ ಅಲ್ಲ, 1917ರಿಂದ ಈ ದೇಶದ ಪ್ರಜೆಗಳು. 1950ರಲ್ಲಿ ಮಿಶಿಗನ್‌ನ ಬೀಟ್ ಹೊಲಗಳಿಗೆ ಅವರನ್ನು ವಿಮಾನದಲ್ಲಿ ಕರೆತಂದಾಗಲೂ ಅವರು ಪ್ರಜೆಗಳೇ. ಪೋರ್ಟೊ ರಿಕೋದ ಒಬ್ಬರನ್ನು ಹೊಸ ಮ್ಯಾನೇಜರ್ ‘ನಿನ್ನ ಕಾಗದಪತ್ರ ಸರಿಯಿದೆಯಾ’ ಎಂದು ಕೇಳಿದ ದಿನ ನಾನು ಅಲ್ಲಿದ್ದೆ. ಆ ಮನುಷ್ಯ ಉತ್ತರ ಕೊಡದೆ ಕೈಗವಸು ತೆಗೆದು ಮೇಜಿನ ಮೇಲಿಟ್ಟು ಮನೆಗೆ ಹೊರಟುಹೋದರು.

“ಹಾಗಾದರೆ ಇಂಗ್ಲಿಷೇ ಕಡ್ಡಾಯ ಮಾಡಿ. ನಾವು ಕಲಿಯಲಿಲ್ಲವೇ?” ಎಂದವರು ನಮ್ಮ ನಡುವೆ ಹಿರಿಯರು. ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾವು ಇಂಗ್ಲಿಷ್ ಕಲಿತದ್ದು ಬೆಂಗಳೂರು, ದಾವಣಗೆರೆ, ಸುರತ್ಕಲ್‌ಗಳ ಕಾಲೇಜಿನಲ್ಲಿ, ಅಪ್ಪ ಅಮ್ಮ ಫೀಸು ಕಟ್ಟಿದ್ದರಿಂದ. ಹತ್ತು ಗಂಟೆ ನಿಂತು ದುಡಿದು, ಮನೆಗೆ ಹೋಗಿ ಇನ್ನೊಂದು ಪಾರ್ಟ್‌ಟೈಮಿಗೆ ಹೊರಡುವವರಿಗೆ ‘ಕಲಿ’ ಎಂದರೆ ಯಾವ ಹೊತ್ತಿನಲ್ಲಿ ಕಲಿಯಬೇಕು?

ಈ ಪ್ರಯೋಗ ಹಳೆಯದು, ನಡೆದದ್ದೂ ಇದೇ ಡೆಟ್ರಾಯಿಟ್ ಮಗ್ಗುಲಲ್ಲಿ. 1914ರಲ್ಲಿ ಹೆನ್ರಿ ಫೋರ್ಡ್ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಪದವಿ ಸಮಾರಂಭದಲ್ಲಿ ವೇದಿಕೆಯ ಮೇಲೆ ಹಡಗಿನ ಚಿತ್ರ, ಅದರ ಮುಂದೆ ದೊಡ್ಡದೊಂದು ಹಂಡೆ. ಕೆಲಸಗಾರರು ತಂತಮ್ಮ ದೇಶದ ಉಡುಪಿನಲ್ಲಿ ಹಡಗಿನಿಂದಿಳಿದು ಹಂಡೆಯೊಳಗೆ ಹೋಗಿ, ಕೋಟು ಹಾಕಿಕೊಂಡು ಅಮೆರಿಕದ ಬಾವುಟ ಹಿಡಿದು ಹೊರಬರುತ್ತಿದ್ದರು. ಭಾಷೆ ಕಲಿಸಿದ್ದನ್ನು ನಾನು ದೂರುವುದಿಲ್ಲ, ಎಷ್ಟೋ ಜನರಿಗೆ ಅದು ಅನ್ನ ಕೊಟ್ಟಿತು. ಮೊದಲಿನ ಬಟ್ಟೆ ಕಳಚಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂಬ ಹಂಡೆಯ ಷರತ್ತನ್ನು ಒಪ್ಪಲಾರೆ.

ಕಾನೂನೂ ಒಪ್ಪುವುದಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ಸಮಾನ ಉದ್ಯೋಗಾವಕಾಶ ಆಯೋಗ ಮಾಡಿರುವ ನಿಯಮಗಳ ಪ್ರಕಾರ, ಬಿಡುವಿನ ಹೊತ್ತೂ ಸೇರಿದಂತೆ ಎಲ್ಲ ಹೊತ್ತೂ ಇಂಗ್ಲಿಷನ್ನೇ ಆಡಬೇಕೆಂಬ ಕಟ್ಟಳೆಯನ್ನು ತಾರತಮ್ಯವೆಂದೇ ಭಾವಿಸಲಾಗುತ್ತದೆ. ಕೆಲಸಕ್ಕೆ ನಿಜವಾಗಿ ಬೇಕಾದ ಹೊತ್ತಿನಲ್ಲಿ, ಮೊದಲೇ ತಿಳಿಸಿ, ಕೇಳಬಹುದು ಅಷ್ಟೇ. ಕ್ರೇನು ಎತ್ತುವಾಗ ಎಲ್ಲರಿಗೂ ತಿಳಿಯುವ ಒಂದೇ ಮಾತು ಇರಲಿ ಎನ್ನುವುದು ಸರಿ. ಕಾಫಿ ಕುಡಿಯುವಾಗ ಅಣ್ಣತಮ್ಮಂದಿರು ತಮ್ಮ ಮಾತು ಆಡಬಾರದು ಎನ್ನುವುದು ತಪ್ಪು. ನಾವೇ ಆಫೀಸಿನ ಪ್ಯಾಂಟ್ರಿಯಲ್ಲಿ ಇನ್ನೊಬ್ಬ ಕನ್ನಡಿಗ ಸಿಕ್ಕರೆ ಯಾವ ಭಾಷೆಗೆ ತಿರುಗುತ್ತೇವೆ? ಇಂಗ್ಲಿಷ್ ಬೇಕು, ಬಡ್ತಿಗೂ ಬೇಕು. ಹಾಗಿದ್ದರೆ ಕಂಪನಿ ಸಂಬಳದ ಹೊತ್ತಿನಲ್ಲೇ ಕಲಿಸಲಿ. ಅಲ್ಲಿಯವರೆಗೆ ಮೆಶಿನ್‌ನ ಲಾಕ್‌ಔಟ್ ಚೀಟಿಯ (ರಿಪೇರಿಯ ವೇಳೆ ಚಾಲೂ ಮಾಡಬೇಡಿ ಎನ್ನುವ ಚೀಟಿಯ) ಮೇಲೆ ಎರಡು ಭಾಷೆ ಮತ್ತು ಒಂದು ಚಿತ್ರ ಇರಲಿ. ಬೆರಳು ಹೋದ ಮೇಲೆ ಭಾಷೆ ಕಲಿತು ಏನು ಮಾಡುವುದು?

ಮೂರನೆಯ ಮಾತು ನನ್ನನ್ನು ಹೆಚ್ಚು ನೋಯಿಸಿತು, ಅದನ್ನು ಹೇಳಿದವರು ಒಳ್ಳೆಯ ಮನಸ್ಸಿನವರು ಎಂಬ ಕಾರಣಕ್ಕೆ. “ಜಗಳ ಯಾಕೆ? ಒಂದು ಲೈನಿಗೆ ಮೆಕ್ಸಿಕನ್ನರು, ಇನ್ನೊಂದಕ್ಕೆ ಪೋರ್ಟೊ ರಿಕೋದವರು, ಮತ್ತೊಂದಕ್ಕೆ ವೆನೆಜುವೆಲಾದವರು. ಅವರವರ ಪಾಡಿಗೆ ಅವರು.”

ಶಿಕಾಗೊ ಊರು ಹೇಗೂ ಹಾಗೇ ಹಂಚಿಕೊಂಡಿದೆ. ಪಿಲ್ಸನ್, ಲಿಟಲ್ ವಿಲೇಜ್ ಮೆಕ್ಸಿಕನ್ನರದು. ಹಂಬೋಲ್ಟ್ ಪಾರ್ಕಿನ ಡಿವಿಷನ್ ಸ್ಟ್ರೀಟಿನ ಮೇಲೆ 1995ರಿಂದ ನಿಂತಿರುವ ಎರಡು ಉಕ್ಕಿನ ಬಾವುಟಗಳು ಪೋರ್ಟೊ ರಿಕೋದವು. ಡೆಟ್ರಾಯಿಟ್‌ನ ನೈಋತ್ಯಕ್ಕೆ ಮೆಕ್ಸಿಕನ್‌ಟೌನ್. ಬೇರೆ ಬೇರೆ ಬೀದಿ, ಬೇರೆ ಬೇರೆ ಚರ್ಚು, ಒಬ್ಬರಿಗೆ ಫುಟ್‌ಬಾಲ್ ಪ್ರಾಣ, ಇನ್ನೊಬ್ಬರಿಗೆ ಬೇಸ್‌ಬಾಲ್. ಇವರು ಒಬ್ಬರ ಮುಖ ಒಬ್ಬರು ನೋಡುವ ಜಾಗ ಕಾರ್ಖಾನೆಯೊಂದೇ. ಅಲ್ಲೂ ಗೋಡೆ ಕಟ್ಟಿದರೆ ಉಳಿಯುವುದು ಗಾಳಿಮಾತು: ಆ ಲೈನಿನವರಿಗೆ ಓವರ್‌ಟೈಮ್ ಹೆಚ್ಚಂತೆ, ಈ ಲೈನಿನವರಿಗೆ ಹೊಸ ಮೆಶಿನ್ ಅಂತೆ.

2022ರ ಆಗಸ್ಟ್ ಕೊನೆಯಿಂದ ಟೆಕ್ಸಾಸ್‌ನ ಬಸ್ಸುಗಳು ಶಿಕಾಗೊಕ್ಕೆ ವೆನೆಜುವೆಲಾದ ಜನರನ್ನು ತಂದಿಳಿಸಿದವು. ಅವರಲ್ಲಿ ಎಷ್ಟೋ ಜನ ಮಕ್ಕಳನ್ನು ಕಟ್ಟಿಕೊಂಡು ಪೊಲೀಸ್ ಠಾಣೆಗಳ ನೆಲದ ಮೇಲೆ ಮಲಗಿದರು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅವರಲ್ಲಿ ಬಹಳ ಜನರಿಗೆ ತಾತ್ಕಾಲಿಕ ರಕ್ಷಣೆ ಘೋಷಿಸಿತು, ಅದರೊಂದಿಗೆ ಕೆಲಸದ ಪರವಾನಗಿಯ ದಾರಿಯೂ ತೆರೆಯಿತು. ಇಪ್ಪತ್ತೈದು ವರ್ಷದಿಂದ ತೆರಿಗೆ ಕಟ್ಟುತ್ತ, ಕಾಗದವಿಲ್ಲದೆ ಉಸಿರು ಹಿಡಿದು ಬದುಕಿದ ಮೆಕ್ಸಿಕೋದವರಿಗೆ ಅದು ಹೇಗೆ ಕಂಡಿರಬೇಕು? ಗ್ರೀನ್ ಕಾರ್ಡಿನ ಸಾಲಿನಲ್ಲಿ ಕೂದಲು ನರೆತವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಆ ಸಂಕಟ ನಮಗೆ ಅರ್ಥವಾಗಬೇಕು. ಅಂಥ ಸಂಕಟ ಹೊತ್ತ ಇಬ್ಬರನ್ನು ಬೇರೆ ಬೇರೆ ಲೈನಿಗೆ ಹಾಕಿದರೆ ಅದು ಹಗೆಯಾಗಿ ಬಲಿಯುತ್ತದೆ. ಒಂದೇ ಪ್ಯಾಲೆಟ್ಟಿನ ಎರಡು ತುದಿ ಹಿಡಿಸಿದರೆ ಒಂದಲ್ಲ ಒಂದು ದಿನ ಮಾತಾಗಿ ಹೊರಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರು ತಿಂಗಳು ಮುಖ ತಿರುಗಿಸಿಕೊಂಡಿದ್ದ ಇಬ್ಬರು, ಒಂದು ಸಂಜೆ ಹಿಮ ಸುರಿಯುವಾಗ, ಒಬ್ಬರ ಕಾರಿನ ಬ್ಯಾಟರಿ ಸತ್ತಾಗ, ಇನ್ನೊಬ್ಬರು ಕೇಬಲ್ ಹಿಡಿದು ನಿಂತಿದ್ದರು.

ಇತಿಹಾಸ ಬೇಕೇ? 1971–72ರಲ್ಲಿ ಶಿಕಾಗೊದ ಮೆಕ್ಸಿಕನ್ ಮತ್ತು ಪೋರ್ಟೊ ರಿಕನ್ ಸಂಘಟನೆಗಳು ‘ಸ್ಪ್ಯಾನಿಷ್ ಕೋಎಲಿಶನ್ ಫಾರ್ ಜಾಬ್ಸ್’ ಎಂದು ಒಂದಾಗಿ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದವು. ಅಲ್ಲಿಯವರೆಗೆ ತಂತಮ್ಮ ಬೀದಿಯಲ್ಲೇ ಇದ್ದವರನ್ನು ಕೂಡಿಸಿದ್ದು ಕೆಲಸ ಸಿಗುತ್ತಿಲ್ಲ ಎಂಬ ಇಬ್ಬರಿಗೂ ಸಮಾನವಾದ ಅನ್ಯಾಯ. ಇನ್ನೂ ಹತ್ತಿರದ್ದು 2008ರ ಡಿಸೆಂಬರ್. ಶಿಕಾಗೊದ ಗೂಸ್ ಐಲ್ಯಾಂಡಿನ ರಿಪಬ್ಲಿಕ್ ವಿಂಡೋಸ್ ಆ್ಯಂಡ್ ಡೋರ್ಸ್ ಕಾರ್ಖಾನೆ ಮೂರು ದಿನದ ಸೂಚನೆ ಕೊಟ್ಟು ಬಾಗಿಲು ಹಾಕಲು ಹೊರಟಿತು. ಕಾನೂನು ಕೇಳುವುದು 60 ದಿನ. ಅಲ್ಲಿ ಇದ್ದವರು ಸುಮಾರು 250 ಜನ. ಹೆಚ್ಚಿನವರು ಲ್ಯಾಟಿನೋಗಳು, ಜೊತೆಗೆ ಕಪ್ಪು ಕೆಲಸಗಾರರು. ಡಿಸೆಂಬರ್ 5ರಂದು ಅವರು ಮನೆಗೆ ಹೋಗಲಿಲ್ಲ, ಒಳಗೇ ಕೂತರು. ಕಾವಲಿಗೊಂದು ಗುಂಪು, ಕಸ ಗುಡಿಸಲಿಕ್ಕೊಂದು ಗುಂಪು. ಒಳಗೆ ಮದ್ಯ ಬರಕೂಡದು ಎಂದು ತಾವೇ ನಿಯಮ ಮಾಡಿಕೊಂಡರು. ಆರನೆಯ ದಿನ, ಕಾರ್ಖಾನೆಗೆ ಹಣ ಹಾಕಿದ್ದ ಬ್ಯಾಂಕುಗಳು ಮಣಿದು, ಅವರಿಗೆ ಸಲ್ಲಬೇಕಾದ ಸಂಬಳ, ರಜೆಯ ಹಣ, ಆರೋಗ್ಯ ವಿಮೆಗಾಗಿ ಸುಮಾರು 17.5 ಲಕ್ಷ ಡಾಲರ್ ಒದಗಿಸಲು ಒಪ್ಪಿದವು. ಅವರಲ್ಲೇ ಕೆಲವರು 2013ರಲ್ಲಿ ‘ನ್ಯೂ ಎರಾ ವಿಂಡೋಸ್’ ಎಂಬ ಸಹಕಾರಿ ಕಾರ್ಖಾನೆ ತೆರೆದು ತಾವೇ ಮಾಲೀಕರಾದರು. ಊರಿಗೊಂದು ಲೈನು, ದೇಶಕ್ಕೊಂದು ಲೈನು ಎಂದು ಹಂಚಿಟ್ಟಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದು ಮೊದಲ ರಾತ್ರಿಯೇ ಆ ಧರಣಿ ಮುರಿದುಬೀಳುತ್ತಿತ್ತು.

ಇನ್ನೊಬ್ಬರು ಪುಸ್ತಕ ಓದಿದವರು. “ಬಾಸ್ ಹೇಳಿದ್ದಕ್ಕೆ ಎದುರಾಡದಿರುವುದು ಲ್ಯಾಟಿನ್ ಸಂಸ್ಕೃತಿ. ಅವರಾಗಿ ಅವರು ಸಲಹೆ ಕೊಡುವುದಿಲ್ಲ, ಹಾಫ್‌ಸ್ಟೆಡ್ ಬರೆದಿದ್ದಾನಲ್ಲ” ಎಂದರು. ಐಬಿಎಂ ನೌಕರರ ಉತ್ತರಗಳಿಂದ ಶುರುಮಾಡಿ ಗೀರ್ಟ್ ಹಾಫ್‌ಸ್ಟೆಡ್ ಕಟ್ಟಿದ ‘ಅಧಿಕಾರದ ಅಂತರ’ದ ಪಟ್ಟಿಯನ್ನೇ ತೆರೆಯೋಣ. ಗ್ವಾಟೆಮಾಲಾ 95, ಮೆಕ್ಸಿಕೋ 81, ಅರ್ಜೆಂಟೀನಾ 49, ಕೋಸ್ಟರಿಕಾ 35. ಅದೇ ಪಟ್ಟಿ ‘ಲ್ಯಾಟಿನ್ ಸಂಸ್ಕೃತಿ’ ಎಂಬ ಒಂದೇ ಮಾತನ್ನು ಒಡೆದುಹಾಕುತ್ತದೆ. ಅದರಲ್ಲಿ ಭಾರತದ ಅಂಕಿ 77. ನಾವು ಬಾಯಿ ಬಿಡದ ಜನವೇ? ಕನ್ನಡ ಕೂಟದ ಒಂದು ಕಾರ್ಯಕಾರಿ ಸಮಿತಿ ಸಭೆಗೆ ಬಂದವರು ಯಾರೂ ಹಾಗೆನ್ನಲಾರರು.

ಕೆಲಸಗಾರ ಸುಮ್ಮನಿರುವುದಕ್ಕೆ ಎಷ್ಟೋ ಸಲ ಕಾರಣ ಭಯ. ಮಾತಾಡಿದ ಒಬ್ಬರಿಗೆ ಮರುವಾರ ಶಿಫ್ಟು ಕಡಿಮೆಯಾದದ್ದನ್ನು ಇತರರು ನೋಡಿರುತ್ತಾರೆ. ನಾನು ಈಗಿರುವ ಕಡೆ ಶಿಫ್ಟಿನ ಮೊದಲ ಹತ್ತು ನಿಮಿಷ ಲೈನಿನ ಪಕ್ಕವೇ ನಿಂತು ಮಾತಾಡುತ್ತೇವೆ, ಸಂಬಳ ಆ ಹತ್ತು ನಿಮಿಷಕ್ಕೂ ಉಂಟು. ವಾರಕ್ಕೊಬ್ಬರು ನಡೆಸುತ್ತಾರೆ, ಸರದಿಯಂತೆ, ದೇಶ ನೋಡದೆ. ಗ್ವಾಟೆಮಾಲಾದ ಒಬ್ಬ ಹೆಂಗಸು ನಾಲ್ಕು ತಿಂಗಳು ಏನೂ ಹೇಳಿರಲಿಲ್ಲ. ಅವರ ಸರದಿ ಬಂದ ದಿನ, ಡಬ್ಬ ಇಡುವ ಸ್ಟ್ಯಾಂಡು ತನ್ನಂಥ ಗಿಡ್ಡ ಆಳಿಗೆ ಎತ್ತರ, ದಿನಕ್ಕೆ ಇಷ್ಟು ಸಲ ತೋಳೆತ್ತಿ ಹೆಗಲು ಬಿದ್ದುಹೋಗಿದೆ ಎಂದು ತೋಳೆತ್ತಿ ತೋರಿಸಿದರು. ಮಧ್ಯಾಹ್ನದೊಳಗೆ ಮೇಂಟೆನೆನ್ಸ್‌ನವರು ಕಾಲು ಕತ್ತರಿಸಿ ಸ್ಟ್ಯಾಂಡನ್ನು ತಗ್ಗಿಸಿದರು. ಮರುದಿನದಿಂದ ಅವರು ಮಾತು ನಿಲ್ಲಿಸಿಲ್ಲ.

“ವರ್ಷಕ್ಕೊಮ್ಮೆ ಟಾಕೋ ಊಟ ಹಾಕಿಸುತ್ತೇವೆ, ಮೇ 5ರಂದು ಬಣ್ಣದ ಕಾಗದ ಕಟ್ಟುತ್ತೇವೆ” ಎಂಬುದಕ್ಕೆ ಉದ್ದ ಉತ್ತರ ಬೇಡ. ಮೇ 5 ಮೆಕ್ಸಿಕನ್ ಸೈನ್ಯ 1862ರಲ್ಲಿ ಪುಯೆಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ದಿನ. ಮೆಕ್ಸಿಕೋದ ಸ್ವಾತಂತ್ರ್ಯದ ದಿನ ಸೆಪ್ಟೆಂಬರ್ 16, ಗ್ವಾಟೆಮಾಲಾ, ಹೊಂಡುರಾಸ್‌ನವರದು ಸೆಪ್ಟೆಂಬರ್ 15. ಕೊಲಂಬಿಯಾದವರಿಗೆ ಟಾಕೋ ನಮಗೆ ಇದ್ದಷ್ಟೇ ಪರಕೀಯ. ಊಟ ಹಾಕಿ, ಸಂತೋಷ. ಆದರೆ ಓವರ್‌ಟೈಮ್ ಯಾರಿಗೆ ಎಂಬುದನ್ನು ಸೂಪರ್‌ವೈಸರ್ ತನ್ನ ಊರಿನವರ ಕಿವಿಯಲ್ಲಿ ಹೇಳುವ ಪದ್ಧತಿ ನಿಲ್ಲುವವರೆಗೆ ಅದು ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮುಡಿಸಿದ ಮಲ್ಲಿಗೆ.

ಕೊನೆಗೆ, ಕೈ ತೊಳೆಯುತ್ತ ಒಬ್ಬರು ಕೇಳಿದರು: “ಇದೆಲ್ಲ ಎಚ್‌ಆರ್ ಕೆಲಸ, ನಮಗೇಕೆ?”

ನಮಗೇಕೆ ಎಂದರೆ, ಅವರ ಹೆಸರಿನಂತೆ ನಮ್ಮ ಹೆಸರನ್ನೂ ಈ ದೇಶದ ಕಂಪ್ಯೂಟರ್ ಹರಿದುಹಾಕಿದೆ. ಇನಿಷಿಯಲ್ಲಿನಲ್ಲಿದ್ದ ಊರಿನ ಹೆಸರು ನಮ್ಮ ಹೆಸರಾಗಿ, ಅಪ್ಪನ ಹೆಸರಿನಿಂದ ನಮ್ಮನ್ನು ಕರೆದು, ನಾವು ಹತ್ತು ಕಚೇರಿ ಅಲೆದಿದ್ದೇವೆ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಭಾಷಿಕರಲ್ಲಿ ಬಹಳ ಮಂದಿಗೆ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಎರಡು ಮನೆತನದ ಹೆಸರು. ಅಪ್ಪನದು ಮೊದಲು. ಇಲ್ಲಿನ ಫಾರ್ಮು ಕೊನೆಯದನ್ನು ಹಿಡಿದುಕೊಂಡು ಅಪ್ಪನದನ್ನು ಬಿಟ್ಟುಬಿಡುತ್ತದೆ. ಸಂಬಳದ ಚೀಟಿಯಲ್ಲಿ ಒಂದು ಹೆಸರು, ಬ್ಯಾಡ್ಜಿನಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಲು ಐದು ನಿಮಿಷ ಸಾಕು. ಮಾಡಿಸಿಕೊಟ್ಟವರನ್ನು ಅವರು ಮರೆಯುವುದಿಲ್ಲ.

ಡೆಟ್ರಾಯಿಟ್‌ನ ಕಲಾ ಸಂಗ್ರಹಾಲಯದಲ್ಲಿ ದಿಯೆಗೋ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಉತ್ತರದ ಗೋಡೆಯಲ್ಲಿ ಫೋರ್ಡ್ ಕಾರ್ಖಾನೆಯ ಆಳುಗಳು, ಬೇರೆ ಬೇರೆ ಬಣ್ಣದ ಮುಖಗಳು, ಒಂದೇ ಕಡೆ ಬಾಗಿ ಎಂಜಿನ್ನನ್ನು ಎಳೆಯುತ್ತಿದ್ದಾರೆ. ಮೆಕ್ಸಿಕೋದಿಂದ ಬಂದ ಆ ಕಲಾವಿದ ಗೋಡೆಗೆ ಬಣ್ಣ ಹಚ್ಚುತ್ತಿದ್ದ ಕಾಲದಲ್ಲೇ, ಮಂದಿಗೆ ಕೆಲಸವಿಲ್ಲವೆಂದು, ಡೆಟ್ರಾಯಿಟ್‌ನ ಮೆಕ್ಸಿಕನ್ ಕುಟುಂಬಗಳನ್ನು ರೈಲು ಹತ್ತಿಸಿ ಗಡಿಯಾಚೆ ಕಳಿಸಲಾಗುತ್ತಿತ್ತು. ಆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಎರಡೂ ನೆನಪಾಗುತ್ತವೆ.

ಗೆಳೆಯರೇ, ನಾಳೆ ಶಿಫ್ಟಿಗೆ ಹೋದಾಗ ನಿಮ್ಮ ಲೈನಿನ ಒಬ್ಬೊಬ್ಬರನ್ನೂ ಕೇಳಿ: ಯಾವ ದೇಶ, ಅದರಲ್ಲಿ ಯಾವ ಊರು, ಮನೆಯಲ್ಲಿ ಯಾವ ಮಾತು, ಯಾವ ಹೆಸರಿನಿಂದ ಕರೆಯಬೇಕು. ಆಮೇಲೆ ಈ ವಾರದ ಓವರ್‌ಟೈಮ್ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ.